ಕೆಂಪು ಬಿದ್ದ ತೊಗಲು: ಹುಬ್ಬಳ್ಳಿಯ ಒಂದು ಗೋದಾಮು, ಒಂಬತ್ತು ಬಾಟಲಿ

ಫೆಬ್ರವರಿ ಕೊನೆಯ ವಾರ. ಪ್ರಾಕ್ಟಿಕಲ್ ಪರೀಕ್ಷೆ ಮುಗಿದಿತ್ತು. ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆದು ಕಪಾಟಿಗೆ ಇಡುತ್ತಿದ್ದೆ. ನನ್ನ ಪಿಯುಸಿ ಮೊದಲ ವರ್ಷದ ಹುಡುಗಿಯೊಬ್ಬಳು ಪ್ಲಾಸ್ಟಿಕ್ ಚೀಲ ಹಿಡಿದು ಬಾಗಿಲಲ್ಲಿ ನಿಂತಳು.

"ಸರ್, ಇದನ್ನೊಮ್ಮೆ ನೋಡ್ರಿ. ನಮ್ಮ ಕಾಕಾನ ಗೋದಾಮಿನಿಂದ ತಂದೀನಿ. ತೊಗಲಿಗೆ ಕೆಂಪು ಬಿದ್ದೈತ್ರಿ."

ಚೀಲದೊಳಗೆ ಅಂಗೈಯಷ್ಟು ಅಗಲದ, ಉಪ್ಪು ಹಾಕಿದ ಕುರಿ ತೊಗಲು ಇತ್ತು. ಕೈಗವಸು ಹಾಕಿಕೊಂಡು ಬಿಡಿಸಿದೆ. ಉಣ್ಣೆಯ ಕಡೆ ಏನೂ ಕಾಣಲಿಲ್ಲ. ತಿರುವಿ ಮಾಂಸದ ಕಡೆ ನೋಡಿದರೆ, ಉಪ್ಪಿನ ಹರಳುಗಳ ನಡುವೆ ಅಲ್ಲಲ್ಲಿ ಗುಲಾಬಿ, ಅಲ್ಲಲ್ಲಿ ಇಟ್ಟಿಗೆ ಕೆಂಪು. ಬೆರಳಿನಿಂದ ಒತ್ತಿದರೆ ಲೋಳೆ ಹತ್ತುತ್ತಿತ್ತು. ನೆತ್ತರಿನ ಕಲೆ ಒಣಗಿದರೆ ಕಪ್ಪಾಗುತ್ತದೆ. ಇದು ಕಪ್ಪಾಗಿರಲಿಲ್ಲ, ಹಸಿಯಾಗಿ ಹೊಳೆಯುತ್ತಿತ್ತು. ಜೀವ ಇರುವ ಬಣ್ಣ ಅಂತ ನೋಡಿದ ಕೂಡಲೇ ಅನ್ನಿಸಿತು.

ಹುಡುಗಿಯ ಕಾಕಾ ಕುರಿ ಮತ್ತು ಆಡಿನ ತೊಗಲಿನ ವ್ಯಾಪಾರಿ. ಹುಬ್ಬಳ್ಳಿ, ಕುಂದಗೋಳ, ನವಲಗುಂದ ಕಡೆಯಿಂದ ಬರುವ ತೊಗಲಿಗೆ ಉಪ್ಪು ಹಾಕಿ, ಪೇರಿಸಿ ಇಟ್ಟು, ಲಾರಿ ತುಂಬುವಷ್ಟು ಆದ ಮೇಲೆ ತಮಿಳುನಾಡಿನ ರಾಣಿಪೇಟೆ, ಆಂಬೂರು ಕಡೆಯ ಹದ ಮಾಡುವ ಕಾರ್ಖಾನೆಗಳಿಗೆ ಕಳಿಸುತ್ತಾರೆ. ಕೆಂಪು ಬಿದ್ದ ತೊಗಲಿಗೆ ಅಲ್ಲಿ ಬೆಲೆ ಇಲ್ಲ. ಹದ ಮಾಡಿದ ಮೇಲೆ ಮೇಲ್ಮೈ ಮೇಲೆ ಸಣ್ಣ ಸಣ್ಣ ಗುಳಿ ಕಾಣುತ್ತವೆ, ನುಣುಪು ಹೋಗಿರುತ್ತದೆ. ಎರಡು ಲೋಡು ಹಾಗೆ ಹಾಳಾಗಿದ್ದವು. ಕಾಕಾ ಉಪ್ಪಿನ ವ್ಯಾಪಾರಿಯ ಮೇಲೆ ಹರಿಹಾಯ್ದಿದ್ದರು. ನಿನ್ನ ಉಪ್ಪೇ ಸರಿ ಇಲ್ಲ ಎಂದು ಎರಡು ಲೋಡಿನ ದುಡ್ಡು ಹಿಡಿದಿಟ್ಟಿದ್ದರು. ಉಪ್ಪಿನವರು ಇದು ಬಿಸಿಲಿನ ತಾಪಕ್ಕೆ ಆಗಿದ್ದು, ನನ್ನ ಉಪ್ಪಿನದೇನೂ ತಪ್ಪಿಲ್ಲ ಎನ್ನುತ್ತಿದ್ದರು. ಇಪ್ಪತ್ತು ವರ್ಷದ ಸ್ನೇಹ. ಎರಡು ತಿಂಗಳಿಂದ ಮಾತು ಬಿಟ್ಟಿದ್ದರು.

ಹುಡುಗಿಗೆ ಬೇಕಾಗಿದ್ದು ಒಂದೇ ಉತ್ತರ. ತಪ್ಪು ಉಪ್ಪಿನದಾ, ಅಲ್ವಾ?

ಉಪ್ಪಿನೊಳಗೆ ಇರುವವರು

ಉಪ್ಪು ಹಾಕಿದರೆ ಪದಾರ್ಥ ಕೆಡುವುದಿಲ್ಲ ಅನ್ನುವುದು ನಮಗೆಲ್ಲ ಗೊತ್ತು. ಉಪ್ಪಿನಕಾಯಿ, ಒಣಮೀನು, ತೊಗಲು ಎಲ್ಲಕ್ಕೂ ಅದೇ ಲೆಕ್ಕ. ಉಪ್ಪು ಸೂಕ್ಷ್ಮಜೀವಿಯ ಒಳಗಿನ ನೀರನ್ನೇ ಹೊರಗೆ ಎಳೆಯುತ್ತದೆ, ಅದು ಸೊರಗಿ ಸುಮ್ನಾಗುತ್ತದೆ. ಆದರೆ ಇದಕ್ಕೆ ಉಲ್ಟಾ ಬದುಕುವ ಒಂದು ಬಳಗ ಇದೆ. ಸಮುದ್ರದ ನೀರಿನಲ್ಲಿ ಉಪ್ಪು ನೂರಕ್ಕೆ 3.5ರಷ್ಟು. ಇವಕ್ಕೆ ಅದು ಸಾಲುವುದೇ ಇಲ್ಲ. ನೂರಕ್ಕೆ 15ರಿಂದ 25 ಇದ್ದರೆ ಹಾಯಾಗಿರುತ್ತವೆ. ನೀರಿಗೆ ಇನ್ನು ಉಪ್ಪು ಕರಗುವುದಿಲ್ಲ ಅನ್ನುವ ಮಟ್ಟದಲ್ಲೂ ಬದುಕುತ್ತವೆ. ಬ್ಯಾಕ್ಟೀರಿಯಾದ ಹಾಗೆ ಕಂಡರೂ ಇವು ಆರ್ಕಿಯಾ ಎಂಬ ಬೇರೆಯೇ ಕುಲದವು. ಹ್ಯಾಲೋಆರ್ಕಿಯಾ ಅಂತ ಹೆಸರು. ನಾನು ಇಲ್ಲಿ ಉಪ್ಪುಜೀವಿ ಅಂತಲೇ ಬರೆಯುತ್ತೇನೆ, ಹುಡುಗಿ ಇಟ್ಟ ಹೆಸರು ಅದು.

ಇವು ಉಪ್ಪನ್ನು ತಡೆದುಕೊಳ್ಳುವ ರೀತಿಯೇ ವಿಚಿತ್ರ. ಹೊರಗೆ ಸೋಡಿಯಂ ಉಪ್ಪು ತುಂಬಿದ್ದರೆ, ಇವು ತಮ್ಮೊಳಗೆ ಅಷ್ಟೇ ಪ್ರಮಾಣದಲ್ಲಿ ಪೊಟ್ಯಾಷಿಯಂ ಉಪ್ಪನ್ನು ತುಂಬಿಕೊಳ್ಳುತ್ತವೆ. ಒಳಗೂ ಹೊರಗೂ ಸಮ ಆದ ಮೇಲೆ ನೀರು ಹೊರಗೆ ಯಾಕೆ ಹೋಗಬೇಕು? ಇವುಗಳ ಪ್ರೋಟೀನುಗಳು ಕೂಡ ಆ ಉಪ್ಪಿಗೇ ಒಗ್ಗಿಕೊಂಡಿವೆ. ಸಿಹಿನೀರಿಗೆ ಹಾಕಿದರೆ ಅವು ಬಿಚ್ಚಿಕೊಂಡು ಕೆಲಸಕ್ಕೆ ಬಾರದಂತಾಗುತ್ತವೆ.

ಇವುಗಳ ಕೆಂಪು ಬಣ್ಣದ ಬಗ್ಗೆ ಒಂದು ಮಾತು. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಕ್ಯಾರೊಟಿನಾಯ್ಡ್ ಎಂಬ ಬಣ್ಣದ ಗುಂಪಿನದು. ಉಪ್ಪುಜೀವಿಯ ಕೆಂಪೂ ಅದೇ ಗುಂಪಿನದು, ಹೆಸರು ಬ್ಯಾಕ್ಟೀರಿಯೋರುಬೆರಿನ್. ಉಪ್ಪಿನ ಆಗರದ ಸುಡುಬಿಸಿಲಿನಿಂದ ಜೀವಕೋಶವನ್ನು ಕಾಯುವುದು ಇದರ ಕೆಲಸ.

ಕಾಕಾ ತರಿಸುತ್ತಿದ್ದುದು ಗೋಕರ್ಣದ ಹತ್ತಿರ, ಅಘನಾಶಿನಿ ಅಳಿವೆಯ ದಂಡೆಯಲ್ಲಿರುವ ಸಾಣಿಕಟ್ಟಾದ ಹರಳುಪ್ಪು. ಸಮುದ್ರದ ನೀರನ್ನು ಗದ್ದೆಯಂಥ ಮಡಿಗಳಲ್ಲಿ ನಿಲ್ಲಿಸಿ ಬಿಸಿಲಿಗೆ ಒಣಗಿಸುವ ಉಪ್ಪು ಅದು. ನೀರು ಗಟ್ಟಿಯಾದ ಹಾಗೆ ಇಂಥ ಮಡಿಗಳಲ್ಲಿ ಉಪ್ಪುಜೀವಿಗಳು ಹೆಚ್ಚುತ್ತವೆ. ಹರಳು ಕಟ್ಟುವಾಗ ಅದರೊಳಗೆ ಉಪ್ಪುನೀರಿನ ಸಣ್ಣ ಸಣ್ಣ ಹನಿ ಸಿಕ್ಕಿಕೊಳ್ಳುತ್ತವೆ. ಆ ಹನಿಯಲ್ಲಿ ಇವೂ ಜೀವಂತ ಸಿಕ್ಕಿಕೊಳ್ಳುತ್ತವೆ. ಬಿಸಿಲಿಗೆ ಒಣಗಿಸಿದ ಸಮುದ್ರದ ಹರಳುಪ್ಪಿನಲ್ಲಿ ಇದು ಸಾಮಾನ್ಯ, ಸಾಣಿಕಟ್ಟಾದ್ದೇ ಅಂತಲ್ಲ.

ಹಾಗಾದರೆ ಕಾಕಾನ ಮಾತೇ ಸರಿ ಆಯಿತಲ್ಲ ಅಂತ ಹುಡುಗಿ ಕೇಳಿದಳು. ಅಷ್ಟು ಬೇಗ ಹೇಳಲು ಬರುವುದಿಲ್ಲ ಎಂದೆ. ಜೀವಿ ಇದ್ದರೆ ಸಾಲದು. ಅದಕ್ಕೆ ಊಟ ಬೇಕು. ಉಪ್ಪು ಊಟ ಅಲ್ಲ. ಅದರಲ್ಲಿ ಇಂಗಾಲ ಇಲ್ಲ, ಸಾರಜನಕ ಇಲ್ಲ, ರಂಜಕ ಇಲ್ಲದಷ್ಟೇ ಕಡಿಮೆ. ಈ ಜೀವಿ ಎಲ್ಲಿಂದ ಬಂತು ಅನ್ನುವುದಕ್ಕಿಂತ ಏನು ತಿಂದು ಬೆಳೆಯಿತು ಅನ್ನುವುದೇ ಈ ಜಗಳದ ಗಂಟು ಅಂತ ನನಗೆ ಅನ್ನಿಸಿತ್ತು.

ಮೊದಲ ಐದು ಬಾಟಲಿ

ಮಾರ್ಚ್ ಮೊದಲ ವಾರ ಐದು ಅಗಲ ಬಾಯಿಯ ಗಾಜಿನ ಬಾಟಲಿ ಇಟ್ಟೆವು. ಕುದಿಸಿ ಆರಿಸಿದ ನೀರು, ಒಂದು ಲೀಟರಿಗೆ 300 ಗ್ರಾಂ ಉಪ್ಪು. ತೂಕದಲ್ಲಿ ನೂರಕ್ಕೆ 23ರ ಲೆಕ್ಕ ಬರುತ್ತದೆ. ಉಪ್ಪು ಹಾಕಿದ ಮೇಲೆ ಕುದಿಸಲಿಲ್ಲ. ಕುದಿಸಿದರೆ ನೋಡಬೇಕಾದ ಜೀವಿಯೇ ಸಾಯುತ್ತದೆ.

ಒಂದನೇ ಬಾಟಲಿಗೆ ಕಾಕಾನ ಗೋದಾಮಿನ ಹೊಸ ಹರಳುಪ್ಪು ಮಾತ್ರ. ಎರಡನೆಯದಕ್ಕೆ ಅದೇ ಉಪ್ಪು, ಜೊತೆಗೆ ನಾಲ್ಕು ಸಲ ನೀರಿನಲ್ಲಿ ತೊಳೆದ ತೊಗಲಿನ ತುಂಡು. ಮೂರನೆಯದಕ್ಕೆ ಅದೇ ಉಪ್ಪು, ನೆತ್ತರು ಹಾಗೇ ಇರುವ ತುಂಡು. ನಾಲ್ಕನೆಯದಕ್ಕೆ ಅಂಗಡಿಯ ಪ್ಯಾಕೆಟ್ ಉಪ್ಪು ಮತ್ತು ನೆತ್ತರಿರುವ ತುಂಡು. ಐದನೆಯದಕ್ಕೆ ಪ್ಯಾಕೆಟ್ ಉಪ್ಪು, ನೆತ್ತರಿರುವ ತುಂಡು, ಜೊತೆಗೆ ಗೋದಾಮಿನ ನೆಲದಿಂದ ಗುಡಿಸಿ ತಂದ ಹಳೆಯ ಉಪ್ಪು ಒಂದು ಚಮಚ. ಬಾಯಿಗೆ ತೆಳ್ಳನೆ ಬಟ್ಟೆ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ, ಪಡುವಣ ಕಿಟಕಿಯಲ್ಲಿ ಸಾಲಾಗಿ ಇಟ್ಟೆವು. ನೀರು ಆರಿ ಕಡಿಮೆಯಾದಾಗ ಗುರುತಿನ ಮಟ್ಟಕ್ಕೆ ಮತ್ತೆ ತುಂಬುವುದು ಹುಡುಗಿಯ ಕೆಲಸ.

ಮೊದಲು ಕೆಂಪಾಗಿದ್ದು ಐದನೆಯದು, 19ನೇ ದಿನ. ಬೀಟ್‌ರೂಟ್ ತೊಳೆದ ನೀರಿನ ಹಾಗೆ ಇತ್ತು. ಮೂರನೆಯದು 26ನೇ ದಿನಕ್ಕೆ. ಎರಡನೆಯದು ತಿಂಗಳು ದಾಟಿದ ಮೇಲೆ ಒಂಚೂರು ಗುಲಾಬಿ ಆಯಿತು, ಅಲ್ಲಿಗೇ ನಿಂತಿತು. ನಾಲ್ಕನೆಯದು ಕದಡಿಕೊಂಡಿತು, ಹಳದಿಯಾಯಿತು, ಕೆಂಪಾಗಲಿಲ್ಲ. ಒಂದನೆಯದು ಗಾಜಿನ ಹಾಗೆ ತಿಳಿಯಾಗಿತ್ತು.

ಇಷ್ಟಕ್ಕೇ ನಿಂತಿದ್ದರೆ ಪ್ರಕರಣ ಸಲೀಸಾಗಿ ಮುಗಿಯುತ್ತಿತ್ತು. ಹರಳುಪ್ಪಿನಲ್ಲಿ ಜೀವಿ ಇದೆ, ಆದರೆ ತಾನಾಗಿ ಬೆಳೆಯುವುದಿಲ್ಲ. ಪ್ಯಾಕೆಟ್ ಉಪ್ಪಿನ ಬಾಟಲಿಯಲ್ಲಿ ಊಟ ಇದ್ದರೂ ಜೀವಿ ಇಲ್ಲ. ಹಳೆಯ ಉಪ್ಪಿನಲ್ಲಿ ಜೀವಿಯೂ ಜಾಸ್ತಿ, ಊಟವೂ ಜಾಸ್ತಿ.

ಏಪ್ರಿಲ್‌ನಲ್ಲಿ ರಜೆ ಬಂತು. ನಾನು ಮೌಲ್ಯಮಾಪನಕ್ಕೆ ಹೋದೆ. ಮೇ ಮೂರನೇ ವಾರ ಕಾಲೇಜಿಗೆ ಬಂದು ಲ್ಯಾಬಿನ ಬಾಗಿಲು ತೆಗೆದಾಗ ಹುಡುಗಿ, ಅವಳ ಕಾಕಾ ಇಬ್ಬರೂ ಜೊತೆಗಿದ್ದರು. ಕಾಕಾ ಸೀದಾ ಕಿಟಕಿಯ ಹತ್ತಿರ ಹೋದರು. ಒಂದನೇ ಬಾಟಲಿ ಕೆಂಪಾಗಿತ್ತು. ಮೂರನೆಯದಕ್ಕಿಂತ ಏನೂ ಕಡಿಮೆ ಇರಲಿಲ್ಲ.

"ನೋಡ್ರಿ ಸರ, ನಾ ಹೇಳಿದ್ದ ಖರೆ ಆತಿಲ್ಲೊ? ಬರೇ ಉಪ್ಪು ಹಾಕಿದ್ರಿ. ತೊಗಲಿಲ್ಲ, ರಕ್ತ ಇಲ್ಲ. ಆದ್ರೂ ಕೆಂಪಾಗೇತಿ. ಉಪ್ಪಿಂದ ತಪ್ಪು."

ನನಗೆ ಮಾತು ಹೊರಡಲಿಲ್ಲ. ಎರಡು ತಿಂಗಳಿನಿಂದ ನಂಬಿದ್ದು ಒಂದು ನೋಟಕ್ಕೆ ಬಿದ್ದು ಹೋದ ಹಾಗಾಯಿತು. ಕಾಕಾಗೆ ಚಹಾ ತರಿಸಿ ಕೂರಿಸಿದೆ. ಹುಡುಗಿ ಮಾತ್ರ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು ತಳ ನೋಡುತ್ತಾ ನಿಂತಿದ್ದಳು.

"ಸರ್, ಇದರಾಗ ಏನೋ ಅದಾವ್ರಿ. ಅಕ್ಕಿ ಹೊಟ್ಟಿನಂಗ."

ನೀರನ್ನು ಮೆಲ್ಲಗೆ ಬಗ್ಗಿಸಿ ತಳದ್ದನ್ನು ತಟ್ಟೆಗೆ ಸುರಿದೆವು. ಹೊಟ್ಟಲ್ಲ, ರೆಕ್ಕೆ. ಪಾರದರ್ಶಕ, ಉದ್ದನೆಯ, ಮಾಸಿದ ರೆಕ್ಕೆಗಳು. ಎಣಿಸಿದಾಗ 23 ಸಿಕ್ಕವು. ಅದರ ಜೊತೆ ಎಳ್ಳಿನ ಕಾಳಿನಂಥ ಕಂದು ತಲೆಗಳು ಆರು. ಮೈ ಅನ್ನುವುದು ಉಳಿದೇ ಇರಲಿಲ್ಲ, ಕರಗಿ ಹೋಗಿತ್ತು. ಏಪ್ರಿಲ್ ಕೊನೆಗೆ ಸುರಿದ ಅಡ್ಡಮಳೆಯ ಸಂಜೆ ರೆಕ್ಕೆ ಬಂದ ಗೆದ್ದಲು ಎದ್ದಿದ್ದವು. ಅವತ್ತು ಲ್ಯಾಬಿನ ದೀಪ ಆರಿಸಿರಲಿಲ್ಲ. ಒಂದನೇ ಬಾಟಲಿಯ ರಬ್ಬರ್ ಬ್ಯಾಂಡು ಬಿಸಿಲಿಗೆ ತುಂಡಾಗಿ ಕಿಟಕಿ ಕಟ್ಟೆಯ ಮೇಲೆ ಬಿದ್ದಿತ್ತು, ಬಟ್ಟೆ ಒಂದು ಕಡೆ ಸರಿದಿತ್ತು.

ಎರಡು ತಿಂಗಳು ಉಪವಾಸ ಇದ್ದ ಬಾಟಲಿಗೆ ಆರು ಹುಳು ಊಟವಾಗಿ ಬಿದ್ದಿದ್ದವು.

ಸೂಕ್ಷ್ಮದರ್ಶಕದ ಕೆಳಗೆ

ಆದರೂ ಕೆಂಪು ಬಣ್ಣ ಉಪ್ಪುಜೀವಿಯದೇ ಅಂತ ಹೇಗೆ ಹೇಳುವುದು? ಉಪ್ಪುನೀರನ್ನು ಕೆಂಪು ಮಾಡುವ ಇನ್ನೊಂದು ಇದೆ, ಡ್ಯುನಾಲಿಯೆಲ್ಲಾ ಎಂಬ ಪಾಚಿ. ಅದು ಬೆಳಕಿನಲ್ಲಿ ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ. ಅದೇ ಬಂದಿದ್ದರೆ ನಮ್ಮ ಹುಳುವಿನ ಕತೆ ಬಿದ್ದುಹೋಗುತ್ತಿತ್ತು.

ಒಂದು ಹನಿಯನ್ನು ಸ್ಲೈಡಿನ ಮೇಲೆ ಇಟ್ಟು ಎಣ್ಣೆ ಹಚ್ಚಿ ದೊಡ್ಡ ಲೆನ್ಸಿನಲ್ಲಿ ನೋಡಿದೆವು. ಡ್ಯುನಾಲಿಯೆಲ್ಲಾ ಆಗಿದ್ದರೆ ದೊಡ್ಡ ಮೊಟ್ಟೆಯಾಕಾರ, ಎರಡು ಬಾಲ, ಓಡಾಟ ಕಾಣಬೇಕಿತ್ತು. ಕಂಡಿದ್ದು ತೀರ ಸಣ್ಣ ಕಡ್ಡಿಗಳು. ಕೆಲವು ಬಾಗಿದ್ದವು, ಕೆಲವು ಸೊಟ್ಟ, ಕೆಲವು ಬಿಲ್ಲೆಯ ಹಾಗೆ. ಆಮೇಲೆ ಗಾಜಿನ ಮುಚ್ಚಳದ ಅಂಚಿಗೆ ಒಂದು ಹನಿ ಸಿಹಿನೀರು ಬಿಟ್ಟೆ. ನೀರು ಒಳಗೆ ಹರಿದು ಬಂದ ಕಡೆಯಿಂದ ಕಡ್ಡಿಗಳು ಒಂದೊಂದೇ ಉಬ್ಬಿ ದುಂಡಗಾದವು. ದುಂಡಗಾಗಿ ಮಸುಕಾದವು. ಮಸುಕಾಗಿ ಇಲ್ಲವಾದವು. ಅರ್ಧ ನಿಮಿಷದಲ್ಲಿ ಅಷ್ಟೂ ಜಾಗ ಖಾಲಿ. ಹುಡುಗಿ ಕಣ್ಣು ತೆಗೆಯದೆ "ಸಿಹಿನೀರಿಗೆ ಸತ್ತು ಹೋದ್ವು" ಎಂದಳು. ಉಪ್ಪಿಲ್ಲದೆ ಬದುಕಲಾರದ ಜೀವಿಯ ಗುರುತು ಇದು. ಇದಕ್ಕಿಂತ ಒಳ್ಳೆಯ ಪಾಠ ಕ್ಲಾಸಿನಲ್ಲಿ ನಾನು ಮಾಡಿಲ್ಲ.

ಕಾಕಾ ಕೂಡ ಬಗ್ಗಿ ನೋಡಿದರು. ಆದರೆ ಒಪ್ಪಲಿಲ್ಲ. ಹುಳು ಬಿದ್ದದ್ದು ಹೌದು, ಅದರಿಂದಲೇ ಕೆಂಪಾಯಿತು ಅನ್ನುವುದಕ್ಕೆ ಏನು ಗ್ಯಾರಂಟಿ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ.

ಉಪ್ಪಿನೊಳಗಿನವರು ತಿನ್ನುವುದು ಹೇಗೆ

ಎರಡನೇ ಸುತ್ತಿಗೆ ಮುಂಚೆ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾನು ಹುಡುಗಿಗೆ ಹೇಳಿದ್ದೂ ಇದೇ ಕ್ರಮದಲ್ಲಿ.

ಉಪ್ಪುಜೀವಿಗೆ ಬಾಯಿ ಇಲ್ಲ. ಗೆದ್ದಲಿನ ಮೈಯಾಗಲಿ ತೊಗಲಾಗಲಿ, ಇಡಿಯಾಗಿ ಒಳಗೆ ಹೋಗುವುದಿಲ್ಲ. ಮೊದಲು ಹೊರಗೇ ಅದನ್ನು ಒಡೆಯಬೇಕು. ಅದಕ್ಕೆ ಪ್ರೋಟೀನು ಕತ್ತರಿಸುವ ಕಿಣ್ವಗಳನ್ನು ಹೊರಗೆ ಬಿಡುತ್ತದೆ. ಇಲ್ಲೇ ಉಪ್ಪಿನ ತೊಡಕು ಬರುತ್ತದೆ. ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಕಿಣ್ವವನ್ನು ಬಿಚ್ಚಿದ ದಾರದ ಹಾಗೆ ಹೊರಗೆ ತಳ್ಳಿ, ಹೊರಗೆ ಮಡಚಿಕೊಳ್ಳಲು ಬಿಡುತ್ತವೆ. ಇಷ್ಟು ಉಪ್ಪಿನಲ್ಲಿ ಹಾಗೆ ಬಿಟ್ಟರೆ ದಾರ ಗಂಟಾಗುತ್ತದೆ. ಅದಕ್ಕೇ ಉಪ್ಪುಜೀವಿಗಳು ಹೊರಗೆ ಕಳಿಸುವ ಬಹುಪಾಲು ಪ್ರೋಟೀನನ್ನು ಒಳಗೇ ಪೂರ್ತಿ ಮಡಚಿ, ಸಿದ್ಧ ಮಾಡಿ, ಅದಕ್ಕೆಂದೇ ಇರುವ ದೊಡ್ಡ ಬಾಗಿಲಿನಿಂದ ಕಳಿಸುತ್ತವೆ. ಆ ಕಿಣ್ವ ತೊಗಲಿನ ಪ್ರೋಟೀನನ್ನು ಕಡಿಯುತ್ತದೆ. ರಾಣಿಪೇಟೆಯವರು ಕಾಣುವ ಗುಳಿಗಳು ಅದು ಕಡಿದ ಜಾಗ.

ಒಡೆದ ಮೇಲೆ ಸಿಗುವುದು ಅಮೈನೋ ಆಮ್ಲಗಳು. ಇವನ್ನು ಒಳಗೆ ಎಳೆದುಕೊಳ್ಳಬೇಕು. ಈ ಭಾಗ ನನಗೆ ಬಹಳ ಇಷ್ಟ. ಮನೆಯಲ್ಲಿ ಮಕ್ಕಳಿಗೆ ವಾಂತಿ ಭೇದಿ ಆದಾಗ ಓಆರ್‌ಎಸ್ ಕುಡಿಸುತ್ತೇವೆ. ಅದರಲ್ಲಿ ಸಕ್ಕರೆಯ ಜೊತೆ ಉಪ್ಪು ಯಾಕೆ ಇರುತ್ತದೆ? ಸಣ್ಣ ಕರುಳಿನ ಗೋಡೆಯಲ್ಲಿರುವ ಒಂದು ಬಾಗಿಲು ಸೋಡಿಯಂ ಜೊತೆಗೆ ಬಂದರೇನೇ ಗ್ಲುಕೋಸನ್ನು ಒಳಗೆ ಬಿಡುತ್ತದೆ, ಅದಕ್ಕೆ. ಉಪ್ಪುಜೀವಿಯದೂ ಇದೇ ಉಪಾಯ. ಹೊರಗೆ ಸೋಡಿಯಂ ವಿಪರೀತ ಇದೆ, ಒಳಗೆ ಕಡಿಮೆ ಇದೆ. ತೂಬು ತೆರೆದರೆ ಕೆರೆಯ ನೀರು ಕಾಲುವೆಗೆ ನುಗ್ಗುವ ಹಾಗೆ ಸೋಡಿಯಂ ಒಳಗೆ ನುಗ್ಗುತ್ತದೆ, ನುಗ್ಗುವಾಗ ಪಕ್ಕದ ಅಮೈನೋ ಆಮ್ಲವನ್ನೂ ಕರೆದುಕೊಂಡು ಬರುತ್ತದೆ. ಬೇರೆಯವರನ್ನು ಕೊಲ್ಲುವ ಉಪ್ಪೇ ಇದಕ್ಕೆ ಊಟ ಹೊತ್ತು ತರುವ ಆಳು.

ಆದರೆ ನುಗ್ಗಿದ ಸೋಡಿಯಂ ಒಳಗೇ ಉಳಿದರೆ ತೂಬಿನ ಎರಡೂ ಕಡೆ ನೀರು ಸಮ ಆಗಿ ಹರಿವು ನಿಲ್ಲುತ್ತದೆ. ಅದನ್ನು ಹೊರಗೆ ಹಾಕುತ್ತಲೇ ಇರಬೇಕು. ಅದಕ್ಕೆ ಜೀವಿ ಮೊದಲು ಪ್ರೋಟಾನುಗಳನ್ನು ಹೊರಗೆ ತಳ್ಳುತ್ತದೆ. ಆ ಪ್ರೋಟಾನು ವಾಪಸು ಬರುವಾಗ ಸೋಡಿಯಂ ಹೊರಗೆ ಹೋಗುತ್ತದೆ. ಪ್ರೋಟಾನನ್ನು ತಳ್ಳುವ ಶಕ್ತಿ ಉಸಿರಾಟದಿಂದ ಬರಬಹುದು, ಬೆಳಕಿನಿಂದಲೂ ಬರಬಹುದು. 1971ರಲ್ಲಿ ಓಸ್ಟರ್‌ಹೆಲ್ಟ್ ಮತ್ತು ಸ್ಟೋಕೆನಿಯಸ್ ಎಂಬ ಇಬ್ಬರು ವಿಜ್ಞಾನಿಗಳು ಹ್ಯಾಲೋಬ್ಯಾಕ್ಟೀರಿಯಂ ಎಂಬ ಉಪ್ಪುಜೀವಿಯ ನೇರಳೆ ಪೊರೆಯಲ್ಲಿ ಬ್ಯಾಕ್ಟೀರಿಯೋರೊಡಾಪ್ಸಿನ್ ಎಂಬ ಪ್ರೋಟೀನನ್ನು ಗುರುತಿಸಿದರು. ಬೆಳಕು ಬಿದ್ದಾಗ ಪ್ರೋಟಾನನ್ನು ಹೊರಗೆ ತಳ್ಳುವ ಪಂಪು ಅದು. ನಮ್ಮ ಕಣ್ಣಿನಲ್ಲಿರುವ, ಎ ಜೀವಸತ್ವದಿಂದ ಬರುವ ರೆಟಿನಲ್ ಎಂಬ ವಸ್ತುವೇ ಅದರೊಳಗೂ ಇದೆ. ಕೆಲವು ವರ್ಷಗಳಲ್ಲೇ ಲಾನ್ಯಿ ಮತ್ತು ಸಂಗಡಿಗರು ಈ ಜೀವಿಯ ಪೊರೆಯಿಂದ ಖಾಲಿ ಚೀಲಗಳನ್ನು ಮಾಡಿ, ಬೆಳಕು ಬಿಟ್ಟ ಕೂಡಲೇ ಅವು ಅಮೈನೋ ಆಮ್ಲವನ್ನು ಒಳಗೆ ಎಳೆದುಕೊಳ್ಳುವುದನ್ನು ತೋರಿಸಿದರು.

ಹುಡುಗಿ ಇಲ್ಲಿ ಒಂದು ಕಡೆ ಎಡವಿದಳು, ತುಂಬ ಜನ ಎಡವುವ ಜಾಗ ಅದು. ಬೆಳಕು ಬಳಸುತ್ತದೆ ಅಂದರೆ ಗಿಡದ ಹಾಗೆ ಊಟ ಮಾಡಿಕೊಳ್ಳುತ್ತದೆ ಅಂದುಕೊಂಡಳು. ಇಲ್ಲ. ಗಿಡ ಗಾಳಿಯ ಇಂಗಾಲ ಹಿಡಿದು ಸಕ್ಕರೆ ಕಟ್ಟುತ್ತದೆ. ಉಪ್ಪುಜೀವಿ ಹಾಗೆ ಬೆಳಕಿನಿಂದ ಸಕ್ಕರೆ ಕಟ್ಟುವುದಿಲ್ಲ. ಬೆಳಕು ಇದಕ್ಕೆ ತುತ್ತು ಎತ್ತುವ ಶಕ್ತಿ ಕೊಡುತ್ತದೆ. ತುತ್ತನ್ನು ಬೇರೆ ಯಾರಾದರೂ ಕೊಡಬೇಕು.

ಬೆಳಕಿನ ಪಂಪು ಯಾಕೆ ಬೇಕಾಯಿತು ಅನ್ನುವುದಕ್ಕೂ ಉಪ್ಪೇ ಕಾರಣ. ಗಟ್ಟಿ ಉಪ್ಪುನೀರಿನಲ್ಲಿ ಆಮ್ಲಜನಕ ಕರಗುವುದು ಸಿಹಿನೀರಿನ ಕಾಲು ಭಾಗದ ಆಸುಪಾಸು ಮಾತ್ರ. ಊಟ ಸಿಕ್ಕರೂ ಉಸಿರು ಸಾಲುವುದಿಲ್ಲ. ಕೆಲವು ಉಪ್ಪುಜೀವಿಗಳು ಮೈಯೊಳಗೆ ಗಾಳಿ ತುಂಬಿದ ಸಣ್ಣ ಕೋಶ ಕಟ್ಟಿಕೊಂಡು ಮೇಲಕ್ಕೆ ತೇಲುತ್ತವೆ. ಮೇಲೆ ಆಮ್ಲಜನಕವೂ ಇದೆ, ಬೆಳಕೂ ಇದೆ. 1980ರಲ್ಲಿ ವಾಲ್ಸ್‌ಬಿ ಎಂಬುವರು ಸಿನಾಯ್ ಮರುಭೂಮಿಯ ಉಪ್ಪುಕೊಳದಲ್ಲಿ ಇಂಥ ತೇಲುವ ಜೀವಿಯೊಂದನ್ನು ಕಂಡರು. ಅಂಚೆ ಚೀಟಿಯ ಹಾಗೆ ಚೌಕ, ತೀರ ತೆಳ್ಳಗೆ. ಅಷ್ಟು ತೆಳ್ಳಗಿರುವ ಮೈಗೆ ಒಳಗಿನ ಗಾತ್ರಕ್ಕಿಂತ ಮೇಲ್ಮೈಯೇ ಜಾಸ್ತಿ, ಊಟ ಹೀರಲು ಅನುಕೂಲ. ಅದನ್ನು ಲ್ಯಾಬಿನಲ್ಲಿ ಬೆಳೆಸಲು 2004ರ ತನಕ ಕಾಯಬೇಕಾಯಿತು.

ಸಹಜವಾದ ಉಪ್ಪುನೀರಿನಲ್ಲಿ ತುತ್ತು ಕೊಡುವವರು ಯಾರು? ಬಹಳ ಕಡೆ ಅದೇ ಡ್ಯುನಾಲಿಯೆಲ್ಲಾ ಪಾಚಿ. ಅದು ಉಪ್ಪನ್ನು ತಡೆಯಲು ಮೈತುಂಬ ಗ್ಲಿಸರಾಲ್ ತುಂಬಿಕೊಂಡಿರುತ್ತದೆ. ಅದು ಸೋರಿದಾಗ, ಸತ್ತಾಗ, ಗ್ಲಿಸರಾಲ್ ಇವಕ್ಕೆ ಸಿಗುತ್ತದೆ. ಮೃತ ಸಮುದ್ರದಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ಅಲ್ಲಿ ಉಪ್ಪು ನೂರಕ್ಕೆ 34ರಷ್ಟು. ಅಲ್ಲೂ ಜೀವ ಇದೆ ಅಂತ 1936ರಲ್ಲಿ ವೊಲ್ಕಾನಿ ತೋರಿಸಿದ್ದರು. 1980 ಮತ್ತು 1992ರಲ್ಲಿ, ಜೋರು ಮಳೆಗಾಲದ ಮೇಲೆ, ಮೇಲಿನ ನೀರು ತೆಳುವಾಗಿ ಉಪ್ಪು ಕಡಿಮೆಯಾದಾಗ ಡ್ಯುನಾಲಿಯೆಲ್ಲಾ ಎದ್ದಿತು. ಅದರ ಬೆನ್ನಿಗೆ ಉಪ್ಪುಜೀವಿಗಳು ಒಂದು ಮಿಲಿಲೀಟರಿಗೆ ಕೋಟಿಗೂ ಮೀರಿ ಬೆಳೆದು ನೀರೇ ಕೆಂಪಾಯಿತು. ಉಪ್ಪು ಕಡಿಮೆ ಆಗುವುದೊಂದೇ ಸಾಲದು, ರಂಜಕವೂ ಸಿಗಬೇಕು ಅಂತ ಅಲ್ಲಿ ಕೆಲಸ ಮಾಡಿದ ಆಹರೋನ್ ಓರೆನ್ ಮತ್ತು ಜೊತೆಯವರು ತೋರಿಸಿದ್ದಾರೆ.

ನಮ್ಮ ಬಾಟಲಿಯಲ್ಲಿ ಪಾಚಿ ಇರಲಿಲ್ಲ. ಹಾಗಾಗಿ ಊಟ ಹೊರಗಿನಿಂದಲೇ ಬರಬೇಕಿತ್ತು.

ಇನ್ನು ನಾಲ್ಕು

ಜೂನ್ ಬಂದಿತ್ತು, ತಂಪಾಗಿತ್ತು. ಉಪ್ಪುಜೀವಿಗೆ ಬೆಚ್ಚಗೆ ಬೇಕು. ಹಳೆಯ ಮರದ ಪೆಟ್ಟಿಗೆಯಲ್ಲಿ 60 ವಾಟಿನ ಬಲ್ಬು ಹಾಕಿದೆವು. ಒಳಗೆ 38, 39 ಡಿಗ್ರಿ ನಿಂತಿತು.

ನಾಲ್ಕೂ ಬಾಟಲಿಗೆ ಅದೇ ಹರಳುಪ್ಪು. ಈ ಸಲ ತೊಗಲು ಇಲ್ಲ, ಅದಕ್ಕೇ ಪೊಟ್ಯಾಷ್ ಮತ್ತು ಮೆಗ್ನೀಷಿಯಂ ಸಲ್ಫೇಟ್ ಸ್ವಲ್ಪ ಸೇರಿಸಿದೆವು, ಎರಡೂ ಗೊಬ್ಬರದ ಅಂಗಡಿಯವೇ. ಪೊಟ್ಯಾಷ್ ಬಿಳಿಯದನ್ನೇ ಹುಡುಕಿ ತಂದೆವು. ಕೆಂಪು ಪೊಟ್ಯಾಷಿನಲ್ಲಿ ಕಬ್ಬಿಣದ ಬಣ್ಣ ಇರುತ್ತದೆ, ಅದನ್ನು ಹಾಕಿದರೆ ಕಾಕಾ ಮತ್ತೆ ಜಗಳಕ್ಕೆ ಬರುತ್ತಿದ್ದರು. ಮೊದಲನೆಯದಕ್ಕೆ ಬೇರೇನೂ ಇಲ್ಲ. ಎರಡನೆಯದಕ್ಕೆ ಆರು ಗೆದ್ದಲು ಹುಳು, ಕಾಕಾ ತಮ್ಮ ಕೈಯಿಂದಲೇ ಹಾಕಿದರು. ಮೂರನೆಯದಕ್ಕೆ ಔಷಧಿ ಅಂಗಡಿಯ ಗ್ಲಿಸರಿನ್, ಅಂದರೆ ಅದೇ ಗ್ಲಿಸರಾಲ್, ಕಾಲು ಚಮಚ. ನಾಲ್ಕನೆಯದಕ್ಕೆ ಗ್ಲಿಸರಿನ್ ಜೊತೆ ಡಿಎಪಿ ಗೊಬ್ಬರ. ಡಿಎಪಿಯಲ್ಲಿ ಸಾರಜನಕವೂ ಇದೆ, ರಂಜಕವೂ ಇದೆ.

ನಾಲ್ಕನೆಯದರಲ್ಲಿ ಹಾಕಿದ ಕೂಡಲೇ ಬಿಳಿ ಹುಡಿ ತಳಕ್ಕೆ ಕೂತಿತು. ನಮ್ಮ ಕೈ ಜೋರಾಗಿತ್ತು, ಡಿಎಪಿ ಜಾಸ್ತಿ ಬಿದ್ದಿತ್ತು. ಹರಳುಪ್ಪಿನ ಕ್ಯಾಲ್ಸಿಯಂ, ನಾವೇ ಹಾಕಿದ ಮೆಗ್ನೀಷಿಯಂ ಸೇರಿ ರಂಜಕವನ್ನು ಹಿಡಿದು ಕೂರಿಸಿದ್ದವು. ಉಪ್ಪುನೀರಿನಲ್ಲಿ ರಂಜಕ ಯಾಕೆ ದುರ್ಲಭ ಅನ್ನುವುದು ಕಣ್ಣೆದುರೇ ಕಂಡಿತು. ಇದ್ದರೂ ಕೈಗೆ ಸಿಗದ ಹಾಗೆ ಕಲ್ಲಾಗಿ ಕೂರುತ್ತದೆ. ಇದಕ್ಕೆ ಉಪ್ಪುಜೀವಿಗಳು ಒಂದು ದಾರಿ ಕಂಡುಕೊಂಡಿವೆ. ಸತ್ತ ಜೀವಕೋಶದಿಂದ ಸೋರಿದ ಡಿಎನ್‌ಎಯಲ್ಲಿ ರಂಜಕ ಇರುತ್ತದೆ. ವೊಲ್ಕಾನಿಯ ಹೆಸರನ್ನೇ ಹೊತ್ತ ಹ್ಯಾಲೋಫೆರಾಕ್ಸ್ ವೊಲ್ಕಾನಿಯೈ ಎಂಬ ಜೀವಿ ಹೊರಗೆ ಬಿದ್ದ ಡಿಎನ್‌ಎಯನ್ನು ಒಡೆದು ಆ ರಂಜಕದಿಂದ ಬೆಳೆಯುತ್ತದೆ ಅಂತ 2014ರಲ್ಲಿ ಪ್ರಕಟವಾಯಿತು. ಅದರೊಳಗೆ ತನ್ನದೇ ಡಿಎನ್‌ಎಯ ಹತ್ತಾರು ಪ್ರತಿಗಳಿರುತ್ತವೆ. ರಂಜಕ ಸಿಗದೆ ಹೋದರೆ ಆ ಪ್ರತಿಗಳನ್ನೇ ಕರಗಿಸಿಕೊಂಡು ಬದುಕುತ್ತದೆ ಅನ್ನುವುದೂ ಅದೇ ವರ್ಷ ತಿಳಿಯಿತು. ಕಷ್ಟಕ್ಕೆ ಅಂತ ಕಣಜದಲ್ಲಿ ಜೋಳ ತುಂಬಿಟ್ಟ ಹಾಗೆ.

ಡಿಎಪಿಯನ್ನು ಚಿಟಿಕೆಗೆ ಇಳಿಸಿ ನಾಲ್ಕನೇ ಬಾಟಲಿಯನ್ನು ಮತ್ತೆ ಹೊಸದಾಗಿ ಇಟ್ಟೆವು.

ಗೆದ್ದಲು ಹಾಕಿದ್ದು 24ನೇ ದಿನ ಕೆಂಪಾಯಿತು. ಗ್ಲಿಸರಿನ್ ಜೊತೆ ಡಿಎಪಿ ಹಾಕಿದ್ದು ತಿಂಗಳ ಮೇಲೆ ಚೆನ್ನಾಗಿಯೇ ಗುಲಾಬಿ ಆಯಿತು. ಬರೇ ಗ್ಲಿಸರಿನ್ ಹಾಕಿದ್ದು ಒಂಚೂರು ಬಣ್ಣ ತಿರುಗಿ ನಿಂತಿತು. ಇಂಗಾಲ ಹೊಟ್ಟೆತುಂಬ ಇದ್ದರೂ ಸಾರಜನಕ, ರಂಜಕ ಇಲ್ಲದೆ ಹೊಸ ಜೀವಕೋಶ ಕಟ್ಟಲು ಆಗುವುದಿಲ್ಲ. ಏನೂ ಹಾಕದ ಬಾಟಲಿ ಆಗಸ್ಟ್ ಹದಿನೈದರವರೆಗೂ ತಿಳಿಯಾಗೇ ಇತ್ತು. ಈ ಸಲ ಅದರ ಬಾಯಿಗೆ ಹುಡುಗಿ ದಾರ ಬಿಗಿದು ಮೂರು ಗಂಟು ಹಾಕಿದ್ದಳು.

ಗೋದಾಮಿನಲ್ಲಿ

ಧ್ವಜ ಹಾರಿಸಿ ಎಲ್ಲರೂ ಮನೆಗೆ ಹೋದ ಮೇಲೆ ಕಾಕಾ ಲ್ಯಾಬಿಗೆ ಬಂದರು. ನಾಲ್ಕು ಬಾಟಲಿಯನ್ನೂ ಒಂದೊಂದಾಗಿ ಎತ್ತಿ ನೋಡಿದರು. ಏನೂ ಹೇಳಲಿಲ್ಲ. ಆಮೇಲೆ "ಗೋದಾಮಿಗೆ ಬರ್ರಿ ಸರ" ಎಂದರು.

ಅಲ್ಲಿ ಹೋಗಿ ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಉಪ್ಪಲ್ಲ, ನೆಲ. ತೊಗಲನ್ನು ನೇರವಾಗಿ ಸಿಮೆಂಟ್ ನೆಲದ ಮೇಲೆ ಪೇರಿಸಿದ್ದರು. ತೊಗಲಿನಿಂದ ಇಳಿದ ಉಪ್ಪುನೀರು ಕೆಳಗಿನ ಸಾಲಿನಲ್ಲಿ ನಿಂತು, ನೆತ್ತರು ಕರಗಿ, ಕಂದು ಸಾರಿನ ಹಾಗೆ ಆಗಿತ್ತು. ಆ ಸಾರಿನಲ್ಲಿ ಕರಗಿದ ಪ್ರೋಟೀನು, ರಂಜಕ, ಪೊಟ್ಯಾಷಿಯಂ ಎಲ್ಲವೂ ಇವೆ. ನಾವು ಚಿಟಿಕೆ ಲೆಕ್ಕದಲ್ಲಿ ಹಾಕಿದ್ದನ್ನು ಅಲ್ಲಿ ಬಕೆಟ್ಟಿನಲ್ಲಿ ಬಡಿಸಿಟ್ಟ ಹಾಗಿತ್ತು. ಕೆಂಪು ಬೀಳುತ್ತಿದ್ದುದೂ ಯಾವಾಗಲೂ ಕೆಳಗಿನ ಸಾಲುಗಳಿಗೆ ಅಂತ ಆಳುಗಳು ಹೇಳಿದರು. ಇನ್ನೊಂದು, ತೊಗಲಿನಿಂದ ಝಾಡಿಸಿದ ಉಪ್ಪನ್ನು ಮೂಲೆಗೆ ಗುಡ್ಡೆ ಹಾಕಿ, ಮುಂದಿನ ತೊಗಲಿಗೆ ಹೊಸ ಉಪ್ಪಿನ ಜೊತೆ ಬೆರೆಸುತ್ತಿದ್ದರು. ಉಳಿತಾಯ ಅಂತ. ನಮ್ಮ ಐದನೇ ಬಾಟಲಿ 19 ದಿನಕ್ಕೇ ಕೆಂಪಾಗಿದ್ದು ಈ ಗುಡ್ಡೆಯ ಒಂದು ಚಮಚದಿಂದ.

ಉಪ್ಪಿನವರು ಹೇಳಿದ ಬಿಸಿಲಿನ ಮಾತಿನಲ್ಲೂ ಅರ್ಧ ನಿಜ ಇತ್ತು. ತಾಪ ಹೆಚ್ಚಾದರೆ ಬೆಳವಣಿಗೆ ಬೇಗ ಆಗುತ್ತದೆ, ಊಟ ಇದ್ದರೆ. ಹುಬ್ಬಳ್ಳಿಯ ಬೇಸಿಗೆಯನ್ನು ತಣ್ಣಗೆ ಮಾಡಲು ಆಗುವುದಿಲ್ಲ. ಊಟ ಕಡಿಮೆ ಮಾಡಬಹುದು.

ಕಾಕಾ ಮಾಡಿದ ಬದಲಾವಣೆ ಇಷ್ಟೇ. ತೊಗಲು ಬಂದ ತಾಸಿನೊಳಗೆ ತೊಟ್ಟಿಯ ನೀರಿನಲ್ಲಿ ನೆತ್ತರು ಹೋಗುವ ತನಕ ತೊಳೆದು, ಮಾಂಸದ ಚೂರು ಕೆರೆದು, ನೀರು ಸೋರಿಸಿ ಆಮೇಲೆ ಉಪ್ಪು ಹಾಕುವುದು. ಕೆಳಗೆ ಮರದ ಪಟ್ಟಿ ಹಾಕಿ ಪೇರಿಸುವುದು, ಇಳಿದ ಉಪ್ಪುನೀರು ಇಳಿಜಾರಿನಲ್ಲಿ ಹರಿದು ಗುಂಡಿಗೆ ಹೋಗುವ ಹಾಗೆ. ಹಳೆಯ ಉಪ್ಪನ್ನು ಮತ್ತೆ ಬಳಸದೇ ಇರುವುದು. ಇದಕ್ಕೆ ಖರ್ಚು ಬಂತು, ಉಪ್ಪು ಮೊದಲಿಗಿಂತ ಜಾಸ್ತಿ ಬೇಕಾಯಿತು. ಉಪ್ಪು ಮಾತ್ರ ಅದೇ ಸಾಣಿಕಟ್ಟಾದ್ದು, ಅದೇ ವ್ಯಾಪಾರಿಯದು.

ಹಿಡಿದಿಟ್ಟಿದ್ದ ದುಡ್ಡನ್ನು ಕಾಕಾ ತಾವೇ ಹೋಗಿ ಕೊಟ್ಟು ಬಂದರು. ಏನು ಮಾತಾಡಿದರೋ ನಾನು ಕೇಳಲಿಲ್ಲ. ಮರುವಾರ ಉಪ್ಪಿನ ವ್ಯಾಪಾರಿ ಲ್ಯಾಬಿಗೆ ಬಂದು, ನನ್ನ ಉಪ್ಪಿನಲ್ಲಿರುವ ಆ ಹುಳಗಳನ್ನು ನನಗೂ ತೋರಿಸಿ ಎಂದರು. ಹುಡುಗಿ ಸ್ಲೈಡು ಇಟ್ಟು ತೋರಿಸಿದಳು, ಹುಳ ಅಲ್ಲ ಅಂತ ತಿದ್ದಿದಳು, ಕೊನೆಗೆ ಸಿಹಿನೀರಿನ ಹನಿಯನ್ನೂ ಬಿಟ್ಟಳು.

ಈ ವರ್ಷದ ಬೇಸಿಗೆಯಲ್ಲಿ ಮೂರು ಲೋಡು ಹೋದವು. ಒಂದರಲ್ಲಿ ಮಾತ್ರ, ಗೋಡೆಗೆ ತಾಗಿ ನೀರು ಇಳಿಯದೆ ನಿಂತಿದ್ದ ಮೂಲೆಯ ಕೆಲವು ತೊಗಲಿಗೆ ಕೆಂಪು ಬಿದ್ದಿತ್ತು. ಆ ಮೂಲೆಯ ನೆಲವನ್ನು ಒಡೆದು ಇಳಿಜಾರು ಮಾಡಿಸುತ್ತಿದ್ದಾರೆ.

ಗೆದ್ದಲು ತಾವಾಗಿ ಬಿದ್ದ ಆ ಒಂದನೇ ಬಾಟಲಿಯನ್ನು ಹುಡುಗಿ ಚೆಲ್ಲಿರಲಿಲ್ಲ. ತಟ್ಟೆಯಲ್ಲಿ ಸುರಿದು ಕಪಾಟಿನ ಮೇಲೆ ಒಣಗಲು ಬಿಟ್ಟಿದ್ದಳು. ನೀರು ಆರಿ ದಾಳಿಂಬೆ ಕಾಳಿನ ಬಣ್ಣದ ಹರಳು ಕಟ್ಟಿತ್ತು. ಎಂಟು ತಿಂಗಳ ಮೇಲೆ ಅದರಲ್ಲಿ ಒಂದು ಹರಳನ್ನು ಹೊಸ ಉಪ್ಪುನೀರಿಗೆ ಹಾಕಿ, ಜೊತೆಗೆ ಸತ್ತ ಇರುವೆ ಎರಡು ಹಾಕಿ ಪೆಟ್ಟಿಗೆಯಲ್ಲಿ ಇಟ್ಟಳು. ನಿನ್ನೆ ಬೆಳಿಗ್ಗೆ ಫೋನು ಮಾಡಿದ್ದಳು, ಗುಲಾಬಿ ಆಗಿದೆಯಂತೆ.